ಕಾವಲಿನ ಕಣ್ಣಿಗೂ ರೆಪ್ಪೆ ಬೇಕು

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಕೇಳಬಾರದ ಮಾತು ಬಂದರೆ ಮನುಷ್ಯನು ಎದ್ದು ಹೋಗಬೇಕು, ಇಲ್ಲವೆ ಕೈಯಿಂದ ಕಿವಿ ಮುಚ್ಚಿಕೊಳ್ಳಬೇಕು. ನೋಡಬಾರದುದು ಎದುರಾದರೆ ರೆಪ್ಪೆಯನ್ನು ಇಳಿಸಿದರೆ ಸಾಕು. ನೋಡುವ ಶಕ್ತಿಯನ್ನೂ ನೋಡದಿರುವ ಶಕ್ತಿಯನ್ನೂ ಪ್ರಕೃತಿಯು ಒಂದೇ ಅಂಗದಲ್ಲಿ ಇರಿಸಿದೆ. ನಮ್ಮ ಹಿರಿಯರು ಈ ಎರಡನೆಯ ಶಕ್ತಿಯ ಬೆಲೆಯನ್ನು ಬಲ್ಲವರಾಗಿದ್ದರು. ನೆರೆಮನೆಯ ಬಾಗಿಲು ತೆರೆದಿದ್ದರೂ ಹೊಸ್ತಿಲ ಹೊರಗೆ ನಿಂತು ಕೂಗಿ ಕರೆದು, ಒಳಗಿನಿಂದ ಉತ್ತರ ಬಂದ ಮೇಲೆಯೇ ಕಾಲಿಡುತ್ತಿದ್ದರು. ರಾತ್ರಿ ಊರನ್ನು ಕಾಯುತ್ತಿದ್ದ ತಳವಾರನು ಪ್ರತಿಯೊಂದು ಮನೆಯ ಮುಂದೆಯೂ ಹಾದುಹೋಗುತ್ತಿದ್ದನು. ಆದರೆ ಯಾವ ಮನೆಯ ಕಿಟಕಿಯಲ್ಲೂ ಇಣುಕುತ್ತಿರಲಿಲ್ಲ. ಇಣುಕಿದ ದಿನ ಅವನು ತಳವಾರನಾಗಿ ಉಳಿಯುತ್ತಿರಲಿಲ್ಲ. ಕಾವಲಿಗೂ ಇಣುಕಿಗೂ ನಡುವೆ ಇದ್ದ ಈ ಗೆರೆಯನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರೂ ಬಲ್ಲವರಾಗಿದ್ದರು.

ಇಂದು ತಳವಾರನ ಸ್ಥಾನದಲ್ಲಿ ಗೋಡೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಕ್ಯಾಮೆರಾ ಕುಳಿತಿದೆ. ಮನೆ, ಅಂಗಡಿ, ಗೋದಾಮು, ಶಾಲೆ, ದೇವಾಲಯ, ವಿದ್ಯಾರ್ಥಿನಿಲಯ ಎಲ್ಲೆಡೆಯೂ ಅದರ ಕಣ್ಣು ತೆರೆದಿದೆ. ಅಂತರ್ಜಾಲದ ಮೂಲಕ ಅದರ ನೋಟವು ಸಾವಿರ ಮೈಲಿಯಾಚೆಗಿನ ಅಂಗೈಯೊಳಗಿನ ಫೋನಿಗೆ ಕ್ಷಣಮಾತ್ರದಲ್ಲಿ ತಲುಪುತ್ತದೆ. ಈ ಯಂತ್ರವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಕಳವು ತಡೆದ, ಅಪಘಾತದ ಸತ್ಯವನ್ನು ಹೊರಗೆಡಹಿದ, ನಿರಪರಾಧಿಯನ್ನು ಪಾರುಮಾಡಿದ ಉಪಕಾರ ಅದಕ್ಕೆ ಸಲ್ಲಬೇಕು. ಆದರೆ ಅದಕ್ಕೆ ರೆಪ್ಪೆಯಿಲ್ಲ. ಹೀಗಿರುವಾಗ, ಓದುಗರೇ, ಒಂದು ಪ್ರಶ್ನೆಯನ್ನು ತಮ್ಮ ಮುಂದಿಡಬೇಕಾಗಿದೆ: ಮನೆ ನನ್ನದು, ಹಣ ನನ್ನದು, ಕ್ಯಾಮೆರಾ ನನ್ನದು, ಆದ್ದರಿಂದ ಅದರಲ್ಲಿ ಕಾಣುವುದನ್ನೆಲ್ಲ ನೋಡುವ ಹಕ್ಕೂ ನನ್ನದೇ?

ಈ ಬಗೆಯ ದೂರದ ನೋಟ ಮೊದಲು ಯಾವುದರ ಮೇಲೆ ಬಿದ್ದಿತ್ತೆಂಬುದನ್ನು ತಿಳಿದರೆ ತಮಗೆ ಸೋಜಿಗವಾದೀತು. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುತ್ತಿದ್ದ ಸಂಶೋಧಕರಿಗೆ ಒಂದು ಸಣ್ಣ ತೊಂದರೆಯಿತ್ತು. ದೂರದ ಕೋಣೆಯಲ್ಲಿದ್ದ ಕಾಫಿ ಪಾತ್ರೆಯ ಬಳಿಗೆ ನಡೆದು ಹೋದರೆ ಅದು ಬರಿದಾಗಿರುತ್ತಿತ್ತು. ಅವರು ಪಾತ್ರೆಗೆ ಎದುರಾಗಿ ಒಂದು ಕ್ಯಾಮೆರಾವನ್ನು ನಿಲ್ಲಿಸಿ, ಅದರ ಕಪ್ಪು-ಬಿಳುಪಿನ ಸಣ್ಣ ಚಿತ್ರವು ತಮ್ಮ ತಮ್ಮ ಮೇಜಿನ ಕಂಪ್ಯೂಟರಿನಲ್ಲಿ ಕಾಣುವಂತೆ ಮಾಡಿಕೊಂಡರು. 1993ರಲ್ಲಿ ಆ ಚಿತ್ರ ಅಂತರ್ಜಾಲಕ್ಕೆ ಬಂದಿತು. 2001ರ ಆಗಸ್ಟಿನಲ್ಲಿ ಆ ಕ್ಯಾಮೆರಾವನ್ನು ನಿಲ್ಲಿಸಿದರು. ಆ ಮೊದಲ ಕಣ್ಣು ನೋಡಿದ್ದು ಒಂದು ಪಾತ್ರೆಯನ್ನು, ಮನುಷ್ಯರನ್ನಲ್ಲ. ಅದಕ್ಕೆ ಒಂದು ಪ್ರಯೋಜನವಿತ್ತು, ಆ ಪ್ರಯೋಜನದ ಅಳತೆಗೆ ತಕ್ಕಷ್ಟೇ ಅದರ ನೋಟವಿತ್ತು. ಪ್ರಯೋಜನ ಮತ್ತು ನೋಟ ಒಂದೇ ಅಳತೆಯಲ್ಲಿರುವವರೆಗೆ ನೋಟವು ನಿರ್ದೋಷಿ. ನೋಟವು ಪ್ರಯೋಜನವನ್ನು ಮೀರಿ ಹರಿದಾಗ ದೋಷವು ಹುಟ್ಟುತ್ತದೆ. ಇದೇ ನಮ್ಮ ವಿಚಾರದ ಮೂಲಸೂತ್ರ.

ಈ ಸೂತ್ರವನ್ನು ಯಂತ್ರಕ್ಕೆ ಅಳವಡಿಸಲು ಸಾಧ್ಯವೇ? ಸಾಧ್ಯ. ಯಂತ್ರವನ್ನು ಮಾಡಿದವರೇ ಅದಕ್ಕೆ ದಾರಿಯನ್ನು ಇಟ್ಟಿದ್ದಾರೆ. ಅದನ್ನು ಮೋಷನ್ ಡಿಟೆಕ್ಷನ್, ಅಂದರೆ ಚಲನೆಯನ್ನು ಗುರುತಿಸುವ ವ್ಯವಸ್ಥೆ ಎನ್ನುತ್ತಾರೆ. ಅದರ ತತ್ತ್ವ ಸರಳವಾದುದು. ಕ್ಯಾಮೆರಾವು ಒಂದು ಚಿತ್ರವನ್ನು ಅದರ ಹಿಂದಿನ ಚಿತ್ರದೊಡನೆ ಹೋಲಿಸುತ್ತಲೇ ಇರುತ್ತದೆ. ಚುಕ್ಕೆ ಚುಕ್ಕೆಗಳ ಬೆಳಕಿನಲ್ಲಿ ಕಂಡ ವ್ಯತ್ಯಾಸವು ನಾವು ಗೊತ್ತುಮಾಡಿದ ಮಿತಿಯನ್ನು ದಾಟಿದರೆ ‘ಏನೋ ಚಲಿಸಿತು’ ಎಂದು ತಿಳಿದು ದಾಖಲಿಸತೊಡಗುತ್ತದೆ. ಚಲನೆಗೆ ಕೆಲವು ಸೆಕೆಂಡುಗಳ ಹಿಂದಿನಿಂದ ಆರಂಭಿಸಿ, ಚಲನೆ ನಿಂತ ಕೆಲವು ಸೆಕೆಂಡುಗಳ ತನಕ ಉಳಿಸಿಕೊಂಡು, ಮತ್ತೆ ಸುಮ್ಮನಾಗುತ್ತದೆ. ಹಗಲಿರುಳು ಎಡೆಬಿಡದೆ ದಾಖಲಿಸುವ ಕ್ಯಾಮೆರಾವು ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೂ ದಿನಕ್ಕೆ 21 ಗಿಗಾಬೈಟಿಗೂ ಹೆಚ್ಚು, ತಿಂಗಳಿಗೆ ಸುಮಾರು 650 ಗಿಗಾಬೈಟ್ ಜಾಗವನ್ನು ನುಂಗುತ್ತದೆ. ಚಲನೆಯಿದ್ದಾಗ ಮಾತ್ರ ಬರೆಯುವ ಕ್ಯಾಮೆರಾಕ್ಕೆ ನಿರ್ಜನವಾದ ಅಂಗಳದಲ್ಲಿ ಅದರ ಅಲ್ಪಾಂಶವೂ ಬೇಕಾಗದು. ಜನರು ಇದನ್ನು ಜಾಗದ ಉಳಿತಾಯವೆಂದು ಮಾತ್ರ ಬಗೆಯುತ್ತಾರೆ. ಆದರೆ ರೆಪ್ಪೆಯಿಲ್ಲದ ಕಣ್ಣಿಗೆ ಮನುಷ್ಯನು ಮಾಡಿಕೊಟ್ಟ ರೆಪ್ಪೆಯೂ ಇದೇ ಆಗಿದೆ.

ಈ ರೆಪ್ಪೆಯನ್ನು ಎಲ್ಲಿ, ಎಷ್ಟು ತೆರೆಯಬೇಕೆಂಬುದನ್ನು ಕ್ಯಾಮೆರಾ ಹಾಕಿಸಿದವನು ಮೊದಲ ದಿನವೇ ನಿರ್ಧರಿಸಬೇಕಾಗುತ್ತದೆ. ತಂತ್ರಜ್ಞನು ಗೋಡೆಗೆ ಮೊಳೆ ಹೊಡೆದು, ತಂತಿ ಜೋಡಿಸಿ, “ಎಲ್ಲಾ ಸರಿಯಾಯಿತು ಯಜಮಾನರೇ” ಎಂದು ಹೇಳಿ ಹೋಗುವ ಆ ಅರ್ಧ ಗಂಟೆಯಲ್ಲಿ ಎಷ್ಟೋ ನೈತಿಕ ನಿರ್ಧಾರಗಳು ನಮಗೆ ಅರಿವಿಲ್ಲದೆ ಆಗಿಹೋಗುತ್ತವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಕ್ಷೇತ್ರದ ನಿರ್ಧಾರ. ಪರದೆಯ ಮೇಲೆ ಚೌಕಗಳನ್ನು ಎಳೆದು, ಯಾವ ಭಾಗದ ಚಲನೆಯನ್ನು ಗಮನಿಸಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತುಮಾಡಬಹುದು. ನಮ್ಮ ಬಾಗಿಲು, ನಮ್ಮ ಅಂಗಳ, ನಮ್ಮ ದನದ ಕೊಟ್ಟಿಗೆ ಇವು ನಮ್ಮ ಕ್ಷೇತ್ರ. ಎದುರುಮನೆಯ ಹೆಣ್ಣುಮಕ್ಕಳು ರಂಗೋಲಿ ಹಾಕುವ ಜಗಲಿ, ಪಕ್ಕದ ಮನೆಯ ಬಚ್ಚಲ ದಾರಿ, ಹಿತ್ತಿಲ ಬಾವಿಕಟ್ಟೆ ಇವು ನಮ್ಮ ಕ್ಷೇತ್ರವಲ್ಲ. ಆದರೆ ಚೌಕದಿಂದ ಹೊರಗಿಟ್ಟ ಮಾತ್ರಕ್ಕೆ ಆ ಭಾಗ ಮರೆಯಾಗುವುದಿಲ್ಲವೆಂಬುದನ್ನು ತಾವು ತಿಳಿದಿರಬೇಕು. ಅಲ್ಲಿಯ ಚಲನೆಗೆ ಎಚ್ಚರಿಕೆ ಬಾರದಿದ್ದರೂ ಚಿತ್ರವು ಕಾಣುತ್ತಲೇ ಇರುತ್ತದೆ. ಅದನ್ನು ನಿಜವಾಗಿ ಮುಚ್ಚಲು ಪ್ರೈವಸಿ ಮಾಸ್ಕ್ ಎಂಬ ಬೇರೆ ಏರ್ಪಾಡಿದೆ. ಅದು ಚಿತ್ರದ ಆ ಭಾಗಕ್ಕೆ ಕಪ್ಪು ಪರದೆ ಎಳೆಯುತ್ತದೆ. ಎಲ್ಲಕ್ಕಿಂತ ಸುಲಭವಾದ ಉಪಾಯ ಕ್ಯಾಮೆರಾದ ಮುಖವನ್ನೇ ಸ್ವಲ್ಪ ತಿರುಗಿಸುವುದು. ನೆರೆಯವರ ಮರ್ಯಾದೆಗೆ ಇಷ್ಟು ಶ್ರಮ ಹೆಚ್ಚಾಯಿತೇ?

ಎರಡನೆಯದು ಸೂಕ್ಷ್ಮತೆಯ ನಿರ್ಧಾರ. ಎಷ್ಟು ಸಣ್ಣ ಚಲನೆಗೆ ಯಂತ್ರವು ಎಚ್ಚರಗೊಳ್ಳಬೇಕು? ಭಯಪಟ್ಟವನು ಇದನ್ನು ತುತ್ತತುದಿಗೆ ಏರಿಸುತ್ತಾನೆ. ಆಗ ತೆಂಗಿನ ಗರಿ ಅಲುಗಿದರೂ, ಮೋಡದ ನೆರಳು ಸರಿದರೂ, ಬೀದಿಯಲ್ಲಿ ಹೋದ ವಾಹನದ ದೀಪ ಗೋಡೆಯ ಮೇಲೆ ಬಿದ್ದರೂ, ಕ್ಯಾಮೆರಾದ ಮುಂದೆಯೇ ಜೇಡ ಬಲೆ ಹೆಣೆದರೂ ಫೋನು ಕೂಗಿಕೊಳ್ಳುತ್ತದೆ. ‘ತೋಳ ಬಂತು ತೋಳ’ ಎಂದು ಸುಮ್ಮಸುಮ್ಮನೆ ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ನೂರು ಸುಳ್ಳು ಕೂಗುಗಳ ನಂತರ ಒಡೆಯನು ನೂರೊಂದನೆಯದನ್ನು ನೋಡುವುದೇ ಇಲ್ಲ; ಕಳ್ಳನು ಬಂದಿರುವುದು ಆಗಲೇ. ಎಲ್ಲವನ್ನೂ ಶಂಕಿಸುವವನು ಕೊನೆಗೆ ಯಾವುದನ್ನೂ ಕಾಣಲಾರನು. ಇದು ಯಂತ್ರಕ್ಕೆ ಹೇಗೋ ಮನಸ್ಸಿಗೂ ಹಾಗೆಯೇ. ಮನುಷ್ಯರನ್ನೂ ವಾಹನಗಳನ್ನೂ ಮಾತ್ರ ಬೇರ್ಪಡಿಸಿ ಗುರುತಿಸುವ ಕ್ಯಾಮೆರಾಗಳು ಈಗ ಬಂದಿವೆ. ಆದರೂ ಯಾರನ್ನು ಶಂಕಿಸಬೇಕು ಎಂಬುದನ್ನು ಅವು ಹೇಳಲಾರವು. ಹಾಲು ತರುವವನೂ ಕಳ್ಳನೂ ಅವುಗಳಿಗೆ ಒಂದೇ.

ಮೂರನೆಯದು ಕಾಲದ ನಿರ್ಧಾರ. ಯಾವ ಹೊತ್ತಿನಲ್ಲಿ ಯಂತ್ರವು ಎಚ್ಚರವಾಗಿರಬೇಕು, ದಾಖಲೆ ಎಷ್ಟು ದಿನ ಉಳಿಯಬೇಕು? ಜನ ಹೆಚ್ಚಾಗಿ ಸೇರುವ ಸಂಸ್ಥೆಗಳಲ್ಲಿ ಕ್ಯಾಮೆರಾ ಇಡಬೇಕು, ಅದರ ದಾಖಲೆಯನ್ನು 30 ದಿನ ಕಾಪಾಡಬೇಕು ಎಂದು ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತೆಯ ಕಾಯಿದೆ ವಿಧಿಸಿದೆ. ಅದು ಸಂಸ್ಥೆಗಳ ಮಾತಾಯಿತು. ಮನೆಯಲ್ಲಿ ಅಂಥ ಕಟ್ಟಳೆಯಿಲ್ಲ. ಯಾವ ಅನಾಹುತವೂ ನಡೆಯದ ವಾರದ ದಾಖಲೆಯನ್ನು ವರ್ಷಗಟ್ಟಲೆ ಕೂಡಿಡುವುದರಿಂದ ಏನು ಲಾಭ? ಮನುಷ್ಯರ ನಡುವಿನ ಸೌಹಾರ್ದದಲ್ಲಿ ಮರೆವಿಗೂ ಒಂದು ಪಾಲಿದೆ. ಎಲ್ಲವನ್ನೂ ನೆನಪಿಟ್ಟವನು ಯಾರನ್ನೂ ಕ್ಷಮಿಸಲಾರನು.

ಈವರೆಗೆ ಹೇಳಿದ್ದು ಚಲನೆಗೆ ತಕ್ಕಂತೆ ತೆರೆಯುವ ಕಣ್ಣಿನ ಮಾತು. ಇನ್ನು ಲೈವ್ ವ್ಯೂ, ಎಂದರೆ ನಡೆಯುತ್ತಿರುವುದನ್ನು ನಡೆಯುತ್ತಿರುವಾಗಲೇ ನೋಡುವ ಸೌಲಭ್ಯದ ವಿಚಾರ. ಹೊರನೋಟಕ್ಕೆ ಇವೆರಡೂ ಒಂದೇ ಯಂತ್ರದ ಎರಡು ಗುಂಡಿಗಳು. ನೀತಿಯ ದೃಷ್ಟಿಯಲ್ಲಿ ಇವುಗಳ ಸ್ವಭಾವ ಬೇರೆ ಬೇರೆ. ಮೊದಲನೆಯದರಲ್ಲಿ ಕಾರಣ ಮುಂಚೆ ಬರುತ್ತದೆ, ನೋಟ ಅನಂತರ ಬರುತ್ತದೆ. ಎರಡನೆಯದರಲ್ಲಿ ನೋಟವೇ ಮೊದಲು; ಕಾರಣವನ್ನು ಆಮೇಲೆ ಹುಡುಕುತ್ತೇವೆ. ಮಧ್ಯಾಹ್ನದ ಬೇಸರದಲ್ಲಿ, ಬಸ್ಸಿನ ಪಯಣದಲ್ಲಿ, ನಿದ್ರೆ ಬಾರದ ಇರುಳಿನಲ್ಲಿ ಫೋನನ್ನು ತೆರೆದು ‘ಅಲ್ಲಿ ಏನು ನಡೆಯುತ್ತಿದೆಯೋ’ ಎಂದು ನೋಡುವ ಕೈಗೆ ಯಾವ ಕಳ್ಳನೂ ಕಾರಣನಲ್ಲ. ಅದಕ್ಕೆ ಕಾರಣ ಕುತೂಹಲವೊಂದೇ.

ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಗೈಜಿಸ್ ಎಂಬ ಕುರುಬನ ಕಥೆಯನ್ನು ಹೇಳಿಸುತ್ತಾನೆ. ಆ ಕುರುಬನಿಗೆ ಒಂದು ಉಂಗುರ ಸಿಕ್ಕಿತು. ಅದರ ಹರಳನ್ನು ಒಳಮುಖವಾಗಿ ತಿರುಗಿಸಿದರೆ ಅವನು ಯಾರಿಗೂ ಕಾಣುತ್ತಿರಲಿಲ್ಲ. ಅದೃಶ್ಯನಾದ ಅವನು ಅರಮನೆಯನ್ನು ಹೊಕ್ಕು, ರಾಣಿಯನ್ನು ವಶಮಾಡಿಕೊಂಡು, ರಾಜನನ್ನು ಕೊಂದು ಸಿಂಹಾಸನವನ್ನೇರಿದನು. ಯಾರೂ ನೋಡದಿದ್ದಾಗಲೂ ಮನುಷ್ಯನು ಧರ್ಮಿಷ್ಠನಾಗಿ ಉಳಿದಾನೆಯೇ ಎಂಬುದು ಆ ಕಥೆಯ ಪ್ರಶ್ನೆ. ಕ್ಯಾಮೆರಾ ಹಾಕಿಸುವವರು ಈ ಪ್ರಶ್ನೆಯನ್ನು ಕೆಲಸದವರ ಕಡೆಗೆ, ಮಕ್ಕಳ ಕಡೆಗೆ, ಬೀದಿಯ ಅಪರಿಚಿತರ ಕಡೆಗೆ ತಿರುಗಿಸುತ್ತಾರೆ. ನೋಡುವವರಿಲ್ಲದಿದ್ದರೆ ಅವರು ಕೆಡುತ್ತಾರೆಂದು ಭಾವಿಸುತ್ತಾರೆ. ಆದರೆ ಓದುಗರೇ, ಆ ಉಂಗುರ ಈಗ ಯಾರ ಬೆರಳಲ್ಲಿದೆ? ಕ್ಯಾಮೆರಾದ ಮುಂದಿರುವವನು ಪೂರ್ತಿಯಾಗಿ ಕಾಣುತ್ತಿದ್ದಾನೆ. ಕಾಣದೆ ಕುಳಿತಿರುವವನು ಫೋನನ್ನು ಹಿಡಿದ ಒಡೆಯನು. ಪರೀಕ್ಷೆಗೆ ಗುರಿಯಾಗಿರುವುದು ನೋಡಿಸಿಕೊಳ್ಳುವವನ ಶೀಲಕ್ಕಿಂತ ಹೆಚ್ಚಾಗಿ ನೋಡುವವನ ಶೀಲ.

ಇದಕ್ಕೆ ನಮ್ಮ ಮನೆಗಳದೇ ಒಂದು ಉದಾಹರಣೆ ಸಾಕು. ಮಗನು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೌಕರಿಯಲ್ಲಿದ್ದಾನೆ. ವೃದ್ಧ ತಾಯಿ ಊರ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅವಳು ಜಾರಿ ಬಿದ್ದರೆ ಗತಿಯೇನೆಂಬ ಕಳವಳದಿಂದ ಅವನು ಪಡಸಾಲೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಕ್ಯಾಮೆರಾ ಹಾಕಿಸುತ್ತಾನೆ. ಕಳವಳ ಸಹಜವಾದುದು, ಪ್ರೀತಿಯಿಂದ ಹುಟ್ಟಿದುದು. ಆದರೆ ದಿನ ಕಳೆದಂತೆ ಏನಾಗುತ್ತದೆ? ಮೊದಲು ದಿನಕ್ಕೊಮ್ಮೆ ಫೋನು ಮಾಡಿ “ಅವ್ವಾ, ಊಟ ಆಯ್ತೇನವ್ವ?” ಎಂದು ಕೇಳುತ್ತಿದ್ದವನು ಈಗ ಕೇಳುವುದಿಲ್ಲ. ಅವಳು ಉಂಡುದನ್ನು ಅವನು ಕಂಡಿದ್ದಾನೆ. ಫೋನು ಮಾಡಿದಾಗಲೂ “ಇಷ್ಟೊತ್ತಿನತನಕ ಆಕೆ ಯಾಕೆ ಬಂದು ಕೂತಿದ್ದಳು?” ಎಂದು ಕೇಳುತ್ತಾನೆ. ತಾಯಿಯು ನೆರೆಯವಳೊಡನೆ ಕಷ್ಟಸುಖ ಹೇಳಿಕೊಳ್ಳಲು ಹಿತ್ತಿಲಿಗೆ ಹೋಗತೊಡಗುತ್ತಾಳೆ. ತನ್ನ ಮನೆಯ ಪಡಸಾಲೆಯಲ್ಲಿ ಅವಳಿಗೆ ಸೆರಗು ಸಡಿಲಿಸಿ ಕೂರುವಂತಿಲ್ಲ. ನೋಟವು ಮಾತಿನ ಸ್ಥಾನವನ್ನು ಕಸಿದುಕೊಂಡಿತು. ಕಾಪಾಡಲು ಬಂದ ಕಣ್ಣು ಕಾಯಲು ಕುಳಿತಿತು. ಪ್ರೀತಿಯಿಂದ ಮಾಡಿದ್ದೆಂಬ ಮಾತ್ರಕ್ಕೆ ಇದು ನಿರ್ದೋಷವಾದೀತೇ?

ಇದನ್ನೇ ಬೇರೆ ರೀತಿಯಲ್ಲಿ ಮಾಡಲು ಬರುತ್ತಿತ್ತು. ಮೊದಲು ತಾಯಿಯನ್ನೇ ಕೇಳಬಹುದಾಗಿತ್ತು. ಒಂದೇ ಕ್ಯಾಮೆರಾವನ್ನು ತಲಬಾಗಿಲಿಗೆ ಮುಖಮಾಡಿ ಇಡಬಹುದಾಗಿತ್ತು. ಬೆಳಗಿನಿಂದ ಇಷ್ಟು ಹೊತ್ತಾದರೂ ಬಾಗಿಲಲ್ಲಿ ಚಲನೆ ಕಾಣದಿದ್ದರೆ ಫೋನು ಮಾಡುವೆನೆಂದು, ಉತ್ತರ ಬಾರದಿದ್ದರೆ ಮಾತ್ರ ಒಮ್ಮೆ ತೆರೆದು ನೋಡುವೆನೆಂದು ಗೊತ್ತುಮಾಡಿಕೊಳ್ಳಬಹುದಾಗಿತ್ತು. ಯಂತ್ರ ಅದೇ, ಖರ್ಚು ಅದಕ್ಕಿಂತ ಕಡಮೆ. ಆದರೆ ಅಲ್ಲಿ ತಾಯಿಯು ಮನೆಯ ಯಜಮಾನಿಯಾಗಿ ಉಳಿಯುತ್ತಾಳೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ‘ತಪ್ಪು ಮಾಡದವನಿಗೆ ನೋಡಿದರೇನು ಭಯ?’ ಈ ಮಾತು ಬಹಳ ಜನರ ಬಾಯಲ್ಲಿದೆ. ಮರ್ಯಾದೆಯನ್ನೂ ಅಪರಾಧವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಈ ಮಾತು ಹುಟ್ಟಿದೆ. ಸ್ನಾನ ಮಾಡುವವನು ಬಾಗಿಲು ಹಾಕುತ್ತಾನೆ, ಸ್ನಾನ ಅಪರಾಧವೇ? ದುಃಖಿತನು ಮೂಲೆಗೆ ಹೋಗಿ ಅಳುತ್ತಾನೆ, ಅಳು ಅಪರಾಧವೇ? ಸದಾ ನೋಡಲ್ಪಡುವವನ ನಡತೆಯಲ್ಲಿ ಒಂದು ಶಿಸ್ತು ಬರುವುದು ನಿಜ. ಅದರ ಸ್ವರೂಪವನ್ನು ವಿಚಾರಿಸಬೇಕು. ಇಂಗ್ಲೆಂಡಿನ ಜೆರೆಮಿ ಬೆಂಥಮ್ 1787ರಲ್ಲಿ ‘ಪನೋಪ್ಟಿಕಾನ್’ ಎಂಬ ಸೆರೆಮನೆಯ ನಕ್ಷೆಯನ್ನು ಕಲ್ಪಿಸಿ ಪತ್ರಗಳಲ್ಲಿ ವಿವರಿಸಿದನು. ಅವು 1791ರಲ್ಲಿ ಪ್ರಕಟವಾದವು. ದುಂಡಗಿನ ಕಟ್ಟಡದ ಸುತ್ತಲೂ ಕೋಣೆಗಳು, ನಡುವೆ ಕಾವಲುಗಾರನ ನೆಲೆ. ಕಾವಲುಗಾರನು ಎಲ್ಲರನ್ನೂ ಕಾಣಬಲ್ಲನು. ಅವನು ಈಗ ತನ್ನನ್ನು ನೋಡುತ್ತಿದ್ದಾನೆಯೇ ಇಲ್ಲವೇ ಎಂಬುದು ಯಾವ ಸೆರೆಯಾಳಿಗೂ ತಿಳಿಯದು. ನೋಡದಿದ್ದರೂ ನೋಡುತ್ತಿದ್ದಾನೆಂಬ ಶಂಕೆಯೇ ಸಾಕೆಂದು ಅವನ ಎಣಿಕೆ. ಅದನ್ನು ಸೆರೆಮನೆಗೆ ಮಾತ್ರವಲ್ಲದೆ ಕಾರ್ಖಾನೆಗೂ ಶಾಲೆಗೂ ಆಸ್ಪತ್ರೆಗೂ ಅನ್ವಯಿಸಬಹುದೆಂದು ಅವನು ನಂಬಿದ್ದನು. ಯಾವ ಗಳಿಗೆಯಲ್ಲಾದರೂ ಲೈವ್ ವ್ಯೂ ತೆರೆಯಬಹುದಾದ ಕ್ಯಾಮೆರಾವು ಪ್ರತಿಯೊಂದು ಕೋಣೆಯನ್ನೂ ಅಂತಹ ಕಟ್ಟಡದ ಒಂದು ಭಾಗವನ್ನಾಗಿ ಮಾಡಬಲ್ಲದು.

ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿ ಬೆಳೆದ ಹಳೆಯ ವಿದ್ಯಾರ್ಥಿಗಳು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು. ಓದಿದ ನಿಲಯಕ್ಕೆ ಏನಾದರೂ ಮಾಡಬೇಕೆಂಬ ಕೃತಜ್ಞತೆಯಿಂದ ಕ್ಯಾಮೆರಾಗಳನ್ನು ಕೊಡಿಸುವುದು ಒಳ್ಳೆಯದೇ. ಮಹಾದ್ವಾರಕ್ಕೆ, ಆವರಣದ ಗೋಡೆಗೆ, ಉಗ್ರಾಣಕ್ಕೆ ಅವು ಇರಲಿ. ಆದರೆ ಮಕ್ಕಳು ಮಲಗುವ, ಓದುವ, ಹರಟುವ ಕೋಣೆಗಳಿಗೂ ಅವು ಬೇಕೇ? ಬಡ ಹುಡುಗನೊಬ್ಬನು ಎರಡನೆಯ ಸಲ ಅನ್ನ ಕೇಳಿ ಹಾಕಿಸಿಕೊಳ್ಳುವುದನ್ನು ದೂರದಲ್ಲಿ ಕುಳಿತ ಯಾರೋ ನೋಡಬೇಕೇ? ನಿಲಯದ ಜೀವನವು ನಮಗೆ ಕಲಿಸಿದುದು ನೋಡುವವರಿಲ್ಲದಾಗಲೂ ಹಂಚಿ ತಿನ್ನುವುದನ್ನು, ಜಗಳವಾಡಿ ತಾವೇ ಕೂಡುವುದನ್ನು, ಬೆಳಗಿನ ಜಾವ ತಾವಾಗಿ ಏಳುವುದನ್ನು. ಕ್ಯಾಮೆರಾದ ಕೆಳಗೆ ಬೆಳೆದ ಮಗುವು ಕ್ಯಾಮೆರಾ ಎಲ್ಲಿಲ್ಲವೆಂಬುದನ್ನು ಮೊದಲು ಕಲಿಯುತ್ತದೆ. ಭಯದಿಂದ ಬಂದ ಶಿಸ್ತು ಭಯದೊಡನೆಯೇ ಹೋಗುತ್ತದೆ. ಅರಿವಿನಿಂದ ಬಂದ ಶಿಸ್ತು ಮಾತ್ರ ನಿಲಯವನ್ನು ಬಿಟ್ಟ ಮೇಲೂ ಉಳಿಯುತ್ತದೆ.

ಹಾಗಾದರೆ ಕ್ಯಾಮೆರಾ ದುರ್ಬಲರಿಗೆ ವಿರೋಧಿಯೇ? ಹಾಗಲ್ಲ. 2020ರ ಡಿಸೆಂಬರ್ 2ರಂದು ಸರ್ವೋಚ್ಚ ನ್ಯಾಯಾಲಯವು ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲೂ ಧ್ವನಿಸಹಿತವಾಗಿ ದಾಖಲಿಸುವ ಕ್ಯಾಮೆರಾಗಳನ್ನು ಇಡಬೇಕು, ದಾಖಲೆಯನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷವಾದರೂ ಕಾಪಾಡಬೇಕು ಎಂದು ಆದೇಶಿಸಿತು. ಲಾಕಪ್ಪಿನಲ್ಲಿರುವವನಿಗೆ ಆ ಕಣ್ಣೇ ರಕ್ಷೆ. ಇಲ್ಲಿ ನೋಟವು ಅಧಿಕಾರವುಳ್ಳವನ ಕಡೆಗೆ ತಿರುಗಿದೆ ಎಂಬುದನ್ನು ಗಮನಿಸಬೇಕು. ಬಲವುಳ್ಳವನನ್ನು ನೋಡುವ ಕಣ್ಣು ನ್ಯಾಯಕ್ಕೆ ಸಾಕ್ಷಿಯಾಗುತ್ತದೆ. ಬಲವಿಲ್ಲದವನನ್ನು ಅವನಿಗೆ ತಿಳಿಯದಂತೆ ನೋಡುವ ಕಣ್ಣು ಅವನ ಮೇಲೆ ಇನ್ನೊಂದು ಬಲವನ್ನು ಹೇರುತ್ತದೆ.

ಕಾನೂನು ಈ ವಿಷಯದಲ್ಲಿ ಎಷ್ಟು ದೂರ ಬಂದಿದೆ? ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಮಹಿಳೆಯ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಲ್ಲಿ ಅಪರಾಧ. 2023ರಲ್ಲಿ ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕಾಯಿದೆಯಾಯಿತು. ಆದರೆ ವ್ಯಕ್ತಿಯೊಬ್ಬನು ತನ್ನ ಸ್ವಂತ ಅಥವಾ ಗೃಹಕೃತ್ಯದ ಉದ್ದೇಶಕ್ಕೆ ಬಳಸುವ ದತ್ತಾಂಶವನ್ನು ಆ ಕಾಯಿದೆ ತನ್ನ ಹೊರಗೆ ಇಟ್ಟಿದೆ. ಅದು ಯುಕ್ತವೇ ಸರಿ. ಪ್ರತಿ ಮನೆಯ ಪಡಸಾಲೆಗೂ ಸರ್ಕಾರ ಬರಲಾಗದು. ಹಾಗಾಗಿ ಮನೆಯೊಳಗಿನ ಕ್ಯಾಮೆರಾದ ಬಹುಪಾಲು ವಿಚಾರವು ಮನೆಯ ಯಜಮಾನನ ಮನಸ್ಸಾಕ್ಷಿಗೇ ಬಿಟ್ಟಿದೆ. ಕಾನೂನು ಹೊಸ್ತಿಲಲ್ಲಿ ನಿಂತಲ್ಲಿ ನೀತಿಯು ಒಳಗೆ ಬರಬೇಕು.

ಇನ್ನೊಂದು ಹೊಣೆಯನ್ನೂ ಮರೆಯಲಾಗದು. ಇತರರನ್ನು ನೋಡುವ ಕಣ್ಣನ್ನು ಇಟ್ಟುಕೊಂಡವನು ಆ ಕಣ್ಣು ಕಳ್ಳರ ಕೈಗೆ ಸಿಗದಂತೆ ಕಾಯಬೇಕು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಅಪಾರ ಸಂಖ್ಯೆಯ ಕ್ಯಾಮೆರಾಗಳನ್ನೂ ದಾಖಲೆ ಪೆಟ್ಟಿಗೆಗಳನ್ನೂ ವಶಪಡಿಸಿಕೊಂಡಿತು. ಅವುಗಳ ಬಲದಿಂದ ಅದೇ ವರ್ಷದ ಅಕ್ಟೋಬರ್ 21ರಂದು ಅಮೆರಿಕದ ಅಂತರ್ಜಾಲದ ಎಷ್ಟೋ ಹೆಸರಾಂತ ತಾಣಗಳು ಗಂಟೆಗಟ್ಟಲೆ ಸಿಗದಂತಾದವು. ಆ ಕ್ಯಾಮೆರಾಗಳ ಒಡೆಯರಿಗೆ ಇದರ ಸುಳಿವೂ ಇರಲಿಲ್ಲ. ಬೀಗ ಹಾಕದ ಕ್ಯಾಮೆರಾವು ನಮ್ಮ ಮನೆಯ ಹೆಣ್ಣುಮಕ್ಕಳ ಓಡಾಟವನ್ನೂ ಪರರ ಮುಂದೆ ತೆರೆದಿಡಬಲ್ಲದು. ಪಾಸ್‌ವರ್ಡ್ ಬದಲಿಸುವ ಸೋಮಾರಿತನ ಬರಿಯ ಅಜಾಗರೂಕತೆಯಲ್ಲ. ನಮ್ಮನ್ನು ನಂಬಿದವರಿಗೆ ಬಗೆದ ದ್ರೋಹ.

ಓದುಗರೇ, ಕ್ಯಾಮೆರಾವನ್ನು ಹಾಕಿಸುವ ದಿನ ತಂತ್ರಜ್ಞನ ಪಕ್ಕದಲ್ಲಿ ತಾವೂ ಕುಳಿತುಕೊಳ್ಳಿರಿ. ಕಾಯಬೇಕಾದ ವಸ್ತು ಯಾವುದೆಂದು ಮೊದಲು ಹೇಳಿ, ಅದರ ಅಳತೆಗೆ ಕ್ಷೇತ್ರವನ್ನು ಗುರುತು ಮಾಡಿಸಿರಿ. ನೆರೆಯವರ ಬಾಗಿಲನ್ನು ಪರದೆಯಿಂದ ಮುಚ್ಚಿಸಿರಿ. ಧ್ವನಿ ದಾಖಲಿಸುವ ಗುಂಡಿಯನ್ನು ತೀರಾ ಅಗತ್ಯವಿಲ್ಲದಿದ್ದರೆ ಆರಿಸಿರಿ. ಪಾಸ್‌ವರ್ಡನ್ನು ಅಲ್ಲಿಯೇ ಬದಲಿಸಿರಿ. ನೋಡುವ ಅನುಮತಿಯನ್ನು ಬೇಕಾದವರಿಗೆ ಮಾತ್ರ, ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲಿ ಕೊಡಿರಿ. ಆಗ ಯಾರು ನೋಡಿದರೆಂಬುದಕ್ಕೂ ಒಂದು ಲೆಕ್ಕವಿರುತ್ತದೆ. ಮನೆಯಲ್ಲಿ ದುಡಿಯುವವರಿಗೆ, ಬಂದುಹೋಗುವವರಿಗೆ ಕ್ಯಾಮೆರಾ ಇಲ್ಲಿದೆಯೆಂದು ಬಾಯಿಬಿಟ್ಟು ಹೇಳಿರಿ. ಕೊನೆಯದಾಗಿ, ಲೈವ್ ವ್ಯೂ ತೆರೆಯಲು ಬೆರಳು ಹೋದಾಗಲೆಲ್ಲ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ: ನಾನು ಈಗ ಆ ಕೋಣೆಯ ಬಾಗಿಲಲ್ಲಿ, ಅಲ್ಲಿರುವವರ ಕಣ್ಣಿಗೆ ಕಾಣುವಂತೆ ನಿಂತು, ಹೀಗೆಯೇ ದಿಟ್ಟಿಸಬಲ್ಲೆನೇ? ಬಲ್ಲೆನೆಂದಾದರೆ ನೋಡಿರಿ. ಸಂಕೋಚವಾಯಿತೆಂದರೆ ಫೋನನ್ನು ಜೇಬಿಗೆ ಹಾಕಿರಿ. ಆ ಸಂಕೋಚವನ್ನು ಯಂತ್ರದಲ್ಲಿ ಅಳವಡಿಸಲು ಯಾವ ತಂತ್ರಜ್ಞನಿಗೂ ಬಾರದು. ಅದನ್ನು ನಾವೇ ಕಾಪಾಡಿಕೊಂಡು ಬರಬೇಕು.